ಮೆಕ್ಸಿಕೋದ ಸ್ಟಿಲ್ ಲೈಫ್ ಪೇಂಟಿಂಗ್ ನೋಡೋದು ಹೇಗೆ: ಮೆಕ್ಕೆಜೋಳ, ಮೆಣಸಿನಕಾಯಿ, ಪಾಪಸುಕಳ್ಳಿ ಹಣ್ಣಿನ ಕಥೆ

ಹಣ್ಣು ತರಕಾರಿ ಜೋಡಿಸಿಟ್ಟು ಬಿಡಿಸೋ ಸ್ಟಿಲ್ ಲೈಫ್ ಅಂದ್ರೆ ನಮ್ಮಲ್ಲಿ ಲೋಯರ್, ಹೈಯರ್ ಡ್ರಾಯಿಂಗ್ ಎಕ್ಸಾಮ್ ಬರೆದೋರಿಗೆ ಒಂದು ಹೂಜಿ, ಎರಡು ಸೇಬು, ಹಿಂದೆ ಮಡಿಕೆ ಬಿದ್ದ ಬಟ್ಟೆ ಅಷ್ಟೇ ನೆನಪಾಗೋದು, ನೆರಳು ಸರಿಯಾಗಿ ಬಂದ್ರೆ ಮಾರ್ಕ್ಸ್ ಬಂತು. ಅದೇ ಕಣ್ಣಲ್ಲಿ ಮೆಕ್ಸಿಕೋದ ಸ್ಟಿಲ್ ಲೈಫ್ ನೋಡಿದ್ರೂ ಚೆಂದವಾಗೇ ಕಾಣತ್ತೆ, ಕೆಂಪು ಕಲ್ಲಂಗಡಿ, ಹಸಿರು ಬೆಣ್ಣೆಹಣ್ಣು, ಒಣಮೆಣಸಿನಕಾಯಿ, ಮಣ್ಣಿನ ಮಡಕೆ, ಎಲ್ಲಾ ಬಣ್ಣ ಬಣ್ಣ. ಆದ್ರೆ ಅಲ್ಲಿಗೇ ನಿಲ್ಲಿಸಿದ್ರೆ ಮುಖ್ಯವಾದದ್ದೇ ತಪ್ಪಿಹೋಗತ್ತೆ. ಆ ಚಿತ್ರಗಳಲ್ಲಿ ಯಾವ ಹಣ್ಣು ಇದೆ, ಯಾವ ಪಾತ್ರೆಯಲ್ಲಿ ಇದೆ, ಅದನ್ನ ಬಿಡಿಸಿದೋರು ಯಾರು ಅನ್ನೋದ್ರಲ್ಲಿ ಮುನ್ನೂರು ವರ್ಷದ ಜಗಳ ಇದೆ, ಯಾರ ಊಟ ಮರ್ಯಾದಸ್ಥರ ಊಟ, ಯಾರ ಊಟ ಅಲ್ಲ ಅನ್ನೋ ಜಗಳ.

ಮೊದಲು ಯುರೋಪಿನ ಕಡೆಯಿಂದ ಬರೋಣ, ಯಾಕಂದ್ರೆ ಕ್ಯಾನ್ವಾಸು, ಎಣ್ಣೆಬಣ್ಣ, ಟೇಬಲ್ ಮೇಲೆ ತಿಂಡಿ ಇಟ್ಟು ಬಿಡಿಸೋ ಅಭ್ಯಾಸ ಎಲ್ಲಾ ಅಲ್ಲಿಂದ ಬಂದಿದ್ದು. ಸ್ಪೇನಿನಲ್ಲಿ ಇಂಥ ಚಿತ್ರಕ್ಕೆ ಬೊದೆಗೋನ್ ಅಂತಾರೆ. ಅಲ್ಲಿನ ದೊಡ್ಡ ಪೇಂಟರ್ ವೆಲಾಸ್ಕೆಸ್ 1618ರಲ್ಲಿ, ಇನ್ನೂ ಇಪ್ಪತ್ತು ತುಂಬೋದ್ರೊಳಗೆ, ಮುದುಕಿಯೊಬ್ಬಳು ಮೊಟ್ಟೆ ಬೇಯಿಸ್ತಿರೋದನ್ನ ಬಿಡಿಸಿದ್ರು, ಒಣಮೆಣಸಿನಕಾಯಿ, ಈರುಳ್ಳಿ, ಹಿತ್ತಾಳೆ ಪಾತ್ರೆ ಎಲ್ಲಾ ಮುಟ್ಟಬೇಕು ಅನ್ಸೋ ಹಾಗಿದೆ. ಆದ್ರೂ ಕಲಾ ಪಂಡಿತರು ಈ ಜಾತಿ ಚಿತ್ರಕ್ಕೆ ಮೂಗು ಮುರೀತಿದ್ರು. 1667ರಲ್ಲಿ ಫ್ರಾನ್ಸಿನ ಅಕಾಡೆಮಿಗಾಗಿ ಫೆಲಿಬಿಯಾನ್ ಅನ್ನೋರು ಚಿತ್ರಗಳಿಗೆ ಮೇಲು ಕೀಳು ಅಂತ ಶ್ರೇಣಿನೇ ಬರೆದಿಟ್ರು, ಪುರಾಣ, ಚರಿತ್ರೆ, ದೇವರ ಕಥೆ ಎಲ್ಲಕ್ಕಿಂತ ಮೇಲೆ, ಹಣ್ಣು ಹೂವು ಎಲ್ಲಕ್ಕಿಂತ ಕೆಳಗೆ. ಈ ಶ್ರೇಣಿ ನೆನಪಿಟ್ಕೊಳ್ಳಿ, ಮೆಕ್ಸಿಕೋದಲ್ಲಿ ಊಟದ ಚಿತ್ರ ಯಾರ ಕೈಗೆ ಬಂತು ಅನ್ನೋದಕ್ಕೆ ಇದೇ ಕಾರಣ.

ಮೆಕ್ಸಿಕೋದ ಪದಾರ್ಥಗಳು ಮೆಕ್ಸಿಕೋದ ಪೇಂಟರ್‌ಗಳಿಗಿಂತ ಮುಂಚೆ ಸ್ಪೇನಿನ ಪೇಂಟರ್‌ಗಳ ಟೇಬಲ್ ಮೇಲೆ ಬಂದು ಕೂತಿದ್ವು. ಆಂತೋನಿಯೊ ದೆ ಪೆರೇದಾ 1652ರಲ್ಲಿ ಬಿಡಿಸಿದ ಒಂದು ಚಿತ್ರ ಈಗ ರಷ್ಯಾದ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿದೆ, ಅದ್ರಲ್ಲಿ ಕರಿಮರದ ಪೆಟ್ಟಿಗೆ ಪಕ್ಕದಲ್ಲಿ ಚಾಕೊಲೇಟ್ ಮಾಡೋ ಪಾತ್ರೆ, ಅದನ್ನ ನೊರೆ ಬರೋ ಹಾಗೆ ಕಡೆಯೋ ಮರದ ಕಡಗೋಲು, ಮೆಕ್ಸಿಕೋ ಕಡೆಯ ಮಣ್ಣಿನ ಪಾತ್ರೆ ಎಲ್ಲಾ ಇದೆ. ಕೆಲಸ ಅದ್ಭುತ. ಆದ್ರೆ ಅಲ್ಲಿ ಚಾಕೊಲೇಟ್ ಇರೋದು ಶ್ರೀಮಂತಿಕೆ ತೋರಿಸೋಕೆ, ಸಮುದ್ರ ದಾಟಿ ಬಂದ ದುಬಾರಿ ಸಾಮಾನು ನಮ್ಮನೇಲಿದೆ ಅಂತ ಹೇಳೋಕೆ. ಕೋಕೋ ಬೀಜ ಹುರಿದು ಕಲ್ಲ ಮೇಲೆ ಅರೆದ ಹೆಂಗಸಿನ ಸುಳಿವು ಕೂಡ ಆ ಚಿತ್ರದಲ್ಲಿಲ್ಲ.

ಇನ್ನು ಸ್ಪೇನಿನ ಆಳ್ವಿಕೆ ಇದ್ದಾಗ ಮೆಕ್ಸಿಕೋದಲ್ಲೇ ಹಣ್ಣು ತರಕಾರಿ ಚಿತ್ರದೊಳಗೆ ಬಂದ ರೀತಿ ನೋಡಿದ್ರೆ ಬೇಜಾರಾಗತ್ತೆ. 18ನೇ ಶತಮಾನದಲ್ಲಿ ಕಾಸ್ತಾ ಪೇಂಟಿಂಗ್ ಅಂತ ಒಂದು ಪದ್ಧತಿ ಇತ್ತು, ಸ್ಪೇನಿನ ಗಂಡು, ಮೂಲನಿವಾಸಿ ಹೆಣ್ಣು, ಅವರಿಗೆ ಹುಟ್ಟಿದ ಮಗು ಇಂಥ ಜಾತಿ, ಆಫ್ರಿಕಾ ಮೂಲದೋರ ಜೊತೆ ಬೆರೆತ್ರೆ ಇಂಥ ಜಾತಿ ಅಂತ ಜನರನ್ನ ಚೌಕ ಚೌಕದಲ್ಲಿ ನಿಲ್ಲಿಸಿ ಹೆಸರು ಬರೆಯೋದು. ಲೂಯಿಸ್ ದೆ ಮೇನಾ ಅನ್ನೋರು 1750ರ ಆಸುಪಾಸಿನಲ್ಲಿ ಬಿಡಿಸಿದ ಅಂಥ ಒಂದು ಚಿತ್ರ ಮ್ಯಾಡ್ರಿಡ್‌ನಲ್ಲಿದೆ. ಮೇಲೆ ಗ್ವಾದಲೂಪೆ ಮಾತೆ ಅಂತ ಮೆಕ್ಸಿಕೋದೋರು ಪೂಜಿಸೋ ಮೇರಿ ಮಾತೆ, ಮಧ್ಯದಲ್ಲಿ ಜಾತಿವಾರು ಕುಟುಂಬಗಳು, ಕೆಳಗೆ ಆ ನೆಲದ ಹಣ್ಣು ತರಕಾರಿ, ಒಂದೊಂದಕ್ಕೂ ನಂಬರ್. ಮನುಷ್ಯರನ್ನೂ ಹಣ್ಣನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ದೊರೆಗೆ ಒಪ್ಪಿಸೋ ಲೆಕ್ಕ ಅದು. ಬಿಡಿಸಿದ ಕೈ ಎಷ್ಟೇ ನುರಿತದ್ದಾಗಿರಲಿ, ನೋಡೋ ಕಣ್ಣು ಮಾತ್ರ ಗೋಡೌನ್ ಕಾಯೋನ ಕಣ್ಣು. 1769ರಲ್ಲಿ ಆಂತೋನಿಯೊ ಪೇರೆಸ್ ದೆ ಅಗಿಲಾರ್ ಒಂದು ಗೋಡೆ ಕಪಾಟು ಬಿಡಿಸಿದ್ರು, ಮೂರು ಅರೆ, ಅದರಲ್ಲಿ ಪಾತ್ರೆ, ತಿನ್ನೋ ಪದಾರ್ಥ, ಪೇಂಟರ್ ಸಾಮಾನು. ಮೆಕ್ಸಿಕೋ ಸಿಟಿಯ ನ್ಯಾಷನಲ್ ಆರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದು ಬಿಟ್ರೆ ಆ ಕಾಲದಲ್ಲಿ ಊಟದ್ದೇ ಚಿತ್ರ ಅಂತ ಉಳಿದಿರೋದು ಕಡಿಮೆ, ದೊಡ್ಡ ಗಿರಾಕಿ ಅಂದ್ರೆ ಚರ್ಚು, ಚರ್ಚಿಗೆ ಬೇಕಾಗಿದ್ದು ಸಂತರು.

1821ಕ್ಕೆ ಸ್ವಾತಂತ್ರ್ಯ ಬಂತು, ಆಮೇಲೆ ಪ್ವೆಬ್ಲಾ ಅನ್ನೋ ಊರಲ್ಲಿ ಹೊಸ ಕಥೆ ಶುರುವಾಯ್ತು. ಹೋಸೆ ಅಗುಸ್ತೀನ್ ಆರ್ರಿಯೇತಾ, 1803ರಲ್ಲಿ ತ್ಲಾಸ್ಕಾಲಾದಲ್ಲಿ ಹುಟ್ಟಿದೋರು, ಬದುಕಿದ್ದು ಪ್ವೆಬ್ಲಾದಲ್ಲಿ, 1874ರಲ್ಲಿ ಅಲ್ಲೇ ತೀರಿಕೊಂಡ್ರು. ರಾಜಧಾನಿಯ ದೊಡ್ಡ ಅಕಾಡೆಮಿಯಲ್ಲಿ ಪುರಾಣ, ಚರಿತ್ರೆ ಅಂತಿದ್ದಾಗ ಇವರು ತಮ್ಮ ಊರಿನ ಮಾರ್ಕೆಟ್ಟು, ಅಡುಗೆಮನೆ, ಪುಲ್ಕೆ ಅನ್ನೋ ಪಾನೀಯದ ಅಂಗಡಿ ಇದನ್ನೇ ಬಿಡಿಸಿದ್ರು. ಊಟದ ಮನೆ ಗೋಡೆಗೆ ಹಾಕೋಕೆ ಅಂತ ಮಾಡಿದ ಇವರ ಸ್ಟಿಲ್ ಲೈಫ್‌ಗಳನ್ನ ಅಲ್ಲಿ ಊಟದ ಕೋಣೆ ಚಿತ್ರಗಳು ಅಂತಲೇ ಕರೀತಾರೆ. ಒಂದು ಕಡೆ ಯುರೋಪಿನಿಂದ ಬಂದ ಗಾಜಿನ ಬಾಟ್ಲಿ, ಪಕ್ಕದಲ್ಲೇ ಲೋಕಲ್ ಮಣ್ಣಿನ ಮಡಕೆ, ಬ್ರೆಡ್ಡು, ಗಿಣ್ಣು, ಮೆಣಸಿನಕಾಯಿ, ಎಷ್ಟೋ ಚಿತ್ರದಲ್ಲಿ ಮೂಲೆಯಿಂದ ಇಣುಕೋ ಒಂದು ಬೆಕ್ಕು.

ಇವರ ಕೈಚಳಕ ನೋಡ್ಬೇಕು ಅಂದ್ರೆ ಪುಲ್ಕೆ ತುಂಬಿದ ಗ್ಲಾಸ್ ಹತ್ತಿರ ಹೋಗ್ಬೇಕು. ಪುಲ್ಕೆ ಅಂದ್ರೆ ಕತ್ತಾಳೆ ಜಾತಿಯ ದೊಡ್ಡ ಗಿಡದ ನಡುವನ್ನ ಕೆರೆದು ಬರೋ ರಸ ಹುಳಿ ಬಂದು ಆಗೋ ಪಾನೀಯ, ಹಾಲಿನ ಬಣ್ಣ, ಸ್ವಲ್ಪ ಲೋಳೆ ಲೋಳೆ. ನೀರನ್ನ ಪೇಂಟ್ ಮಾಡೋದಕ್ಕಿಂತ ಇದು ಕಷ್ಟ, ಪೂರ್ತಿ ಪಾರದರ್ಶಕವೂ ಅಲ್ಲ, ಹಾಲಿನಷ್ಟು ದಟ್ಟವೂ ಅಲ್ಲ, ಗ್ಲಾಸಿನ ಅಂಚಲ್ಲಿ ಬೆಳಕು ಒಂದಿಷ್ಟು ಒಳಗೆ ಹೋಗಿ ಅಲ್ಲೇ ನಿಂತುಬಿಡತ್ತೆ. ಇದನ್ನ ಹಿಡಿಯೋಕೆ ಎಣ್ಣೆಬಣ್ಣವೇ ಬೇಕು. ಬಣ್ಣದ ಪುಡಿನ ಅಗಸೆ ಎಣ್ಣೆಯಂಥ ಎಣ್ಣೆಯಲ್ಲಿ ಅರೆದು ಮಾಡೋ ಬಣ್ಣ ನೀರು ಬಣ್ಣದ ಥರ ಆವಿಯಾಗಿ ಒಣಗೋದಿಲ್ಲ, ಗಾಳಿಯಲ್ಲಿರೋ ಆಕ್ಸಿಜನ್ ಜೊತೆ ಸೇರಿ ನಿಧಾನಕ್ಕೆ ಗಟ್ಟಿ ಆಗತ್ತೆ, ಅದಕ್ಕೆ ದಿನಗಟ್ಟಲೆ ಹಿಡಿಯತ್ತೆ. ಅಷ್ಟು ಹೊತ್ತೂ ಬಣ್ಣ ಹಸಿ ಇರೋದ್ರಿಂದ ಒಂದು ಬಣ್ಣಕ್ಕೂ ಇನ್ನೊಂದಕ್ಕೂ ಗೆರೆ ಕಾಣದ ಹಾಗೆ ಬೆರೆಸಬಹುದು, ಒಣಗಿದ ಮೇಲೆ ಅದರ ಮೇಲೆ ತೆಳ್ಳಗೆ, ಹಿಂದಿನದು ಕಾಣೋ ಹಾಗೆ ಇನ್ನೊಂದು ಪದರ ಹಾಕಬಹುದು. ಬೆಳಕು ಮೇಲಿನ ಪದರ ದಾಟಿ ಕೆಳಗಿನ ತಿಳಿ ಬಣ್ಣಕ್ಕೆ ತಾಕಿ ವಾಪಸ್ ಬರತ್ತೆ, ಹಾಗಾಗಿ ಹಣ್ಣು ಒಳಗಿಂದ ಹೊಳೀತಿದೆ ಅನ್ಸತ್ತೆ. ತೊಂದ್ರೆ ಏನಂದ್ರೆ ಬಣ್ಣ ಒಣಗೋದ್ರೊಳಗೆ ಕಟ್ ಮಾಡಿಟ್ಟ ಬೆಣ್ಣೆಹಣ್ಣು ಕಪ್ಪಾಗಿರತ್ತೆ, ಹಾಗಾಗಿ ಕೊಯ್ದ ಹಣ್ಣಿನ ಬಣ್ಣನ ಮೊದಲ ದಿನವೇ ಬೇಗ ಹಿಡಿದು, ಮಡಕೆ, ಗಾಜು ಇಂಥದ್ದನ್ನ ಆಮೇಲೆ ನಿಧಾನಕ್ಕೆ ಮಾಡ್ಬೇಕಾಗತ್ತೆ.

ಆರ್ರಿಯೇತಾ 1865ರಲ್ಲಿ ಪ್ವೆಬ್ಲಾದ ಅಡುಗೆಮನೆಯನ್ನೇ ಒಂದು ಚಿತ್ರ ಮಾಡಿದ್ರು, ಹೆಂಗಸರೆಲ್ಲಾ ಕೆಲಸದಲ್ಲಿ ಮುಳುಗಿರೋದು. ಪ್ವೆಬ್ಲಾ ಅಂದ್ರೆ ಮೋಲೆ ಅನ್ನೋ ದಟ್ಟ ಸಾರಿಗೆ ಹೆಸರಾದ ಊರು. ಅದಕ್ಕೆ ಬೀಳೋ ಸಾಮಾನು ನೋಡಿ: ಎರಡು ಮೂರು ಜಾತಿ ಒಣಮೆಣಸಿನಕಾಯಿ, ಚಾಕೊಲೇಟ್, ಟೊಮೇಟೊ ಆ ನೆಲದ್ದು, ಬಾದಾಮಿ ಸ್ಪೇನಿನಿಂದ ಬಂದಿದ್ದು, ಎಳ್ಳೂ ಸಮುದ್ರದಾಚೆಯದೇ, ಚಕ್ಕೆ ಲವಂಗ ಏಷ್ಯಾದ್ದು. 1565ರಿಂದ 1815ರವರೆಗೆ ಮನಿಲಾದಿಂದ ಅಕಾಪುಲ್ಕೊಗೆ ಹಡಗುಗಳು ಓಡಾಡ್ತಿದ್ವು, ಆ ದಾರಿಯಲ್ಲೇ ಏಷ್ಯಾದ ಮಸಾಲೆ, ಪಿಂಗಾಣಿ, ರೇಷ್ಮೆ ಬರ್ತಿದ್ದಿದ್ದು. ಮನುಷ್ಯರೂ ಬಂದ್ರು, ಎಷ್ಟೋ ಜನ ಸರಪಳಿಯಲ್ಲಿ. ಕತಾರೀನಾ ದೆ ಸಾನ್ ಹುವಾನ್ ಅಂತ ಇತಿಹಾಸದಲ್ಲಿ ದಾಖಲಾದ ಹೆಣ್ಣುಮಗಳು ಭಾರತದವಳು, ಪೋರ್ಚುಗೀಸ್ ಕಡಲ್ಗಳ್ಳರು ಎತ್ಕೊಂಡು ಹೋಗಿ, ಕೊಚ್ಚಿಯಲ್ಲಿ ಹೆಸರು ಬದಲಾಯ್ಸಿ, ಮನಿಲಾ ದಾಟಿಸಿ ಪ್ವೆಬ್ಲಾದಲ್ಲಿ ಮಾರಿದ್ರು, ಅವಳು 1688ರಲ್ಲಿ ಅಲ್ಲೇ ತೀರಿಕೊಂಡಳು, ಊರವರು ಅವಳನ್ನ ಸಂತಳ ಹಾಗೆ ಕಂಡ್ರು. ಮೆಕ್ಸಿಕೋದ ಚಿತ್ರದಲ್ಲಿ ಮಾವಿನಹಣ್ಣು ಕಂಡ್ರೂ ಇದೇ ಸಮುದ್ರದ ದಾರಿ ನೆನಪಿಸ್ಕೊಳ್ಳಿ, ಅಲ್ಲಿ ಇವತ್ತಿಗೂ ಹೆಸರುವಾಸಿಯಾದ ಒಂದು ತಳಿಗೆ ಮನಿಲಾ ಅಂತಲೇ ಹೆಸರು.

ಆರ್ರಿಯೇತಾ ಅವರ ಇನ್ನೊಂದು ಚಿತ್ರ ಸ್ಟಿಲ್ ಲೈಫ್ ಅಲ್ಲ, ಆದ್ರೆ ಬಿಟ್ಟು ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ನ್ಯೂಯಾರ್ಕಿನ ಹಿಸ್ಪಾನಿಕ್ ಸೊಸೈಟಿಯಲ್ಲಿದೆ, ಕರಾವಳಿಯ ಒಬ್ಬ ಕಪ್ಪು ಹುಡುಗ ಹಣ್ಣಿನ ಬುಟ್ಟಿ ಹಿಡ್ಕೊಂಡು ನಿಂತಿದಾನೆ. ಕಾಸ್ತಾ ಚಿತ್ರದಲ್ಲಾಗಿದ್ರೆ ಅವನ ತಲೆ ಮೇಲೊಂದು ಜಾತಿ ಹೆಸರು, ಹಣ್ಣಿಗೊಂದು ನಂಬರ್ ಇರ್ತಿತ್ತು. ಇಲ್ಲಿ ಅದ್ಯಾವುದೂ ಇಲ್ಲ, ಹುಡುಗ ಇದಾನೆ, ಹಣ್ಣಿದೆ, ಎರಡನ್ನೂ ಅಷ್ಟೇ ಅಕ್ಕರೆಯಿಂದ ನೋಡಿದ ಒಬ್ಬ ಪೇಂಟರ್ ಇದಾರೆ.

ಈಗ ಬಣ್ಣದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಮೆಕ್ಸಿಕೋದ ಸ್ಟಿಲ್ ಲೈಫ್‌ಗಳಲ್ಲಿ ಮತ್ತೆ ಮತ್ತೆ ಬರೋ ಪಾಪಸುಕಳ್ಳಿ ಹಣ್ಣು ಇದ್ಯಲ್ಲ, ನಮ್ಮ ಬಯಲುಸೀಮೆ ಬೇಲಿಗಳಲ್ಲಿ ಮುಳ್ಳು ತುಂಬ್ಕೊಂಡು ಬಿಡೋ ಜಾತಿದೇ, ಆ ಕಳ್ಳಿ ಎಲೆ ಮೇಲೆ ಬಿಳಿ ಹಿಟ್ಟು ಹಚ್ಚಿದ ಹಾಗೆ ಕಾಣೋ ಸಣ್ಣ ಹುಳು ಬದುಕತ್ತೆ. ಹೆಣ್ಣು ಹುಳನ ಕೆರೆದು ಒಣಗಿಸಿ ಪುಡಿ ಮಾಡಿದ್ರೆ ಕಡುಗೆಂಪು ಬಣ್ಣ, ಕೊಚಿನೀಲ್ ಅಂತಾರೆ. ಒಂದು ಪೌಂಡಿಗೆ ಸುಮಾರು 70,000 ಹುಳ ಬೇಕು. ವಾಹಾಕಾ ಭಾಗದ ಮೂಲನಿವಾಸಿ ರೈತರು ಇದನ್ನ ಸಾಕ್ತಿದ್ರು, ಸ್ಪೇನಿನೋರು ಹಡಗಿಗೆ ತುಂಬಿಸ್ತಿದ್ರು, ಮೆಕ್ಸಿಕೋದಿಂದ ಹೋಗೋ ಸರಕಿನಲ್ಲಿ ಬೆಳ್ಳಿ ಬಿಟ್ರೆ ಇದೇ ಬೆಲೆಬಾಳೋದು. ಯುರೋಪಿನ ದೊಡ್ಡ ದೊಡ್ಡ ಪೇಂಟರ್‌ಗಳು ಬಿಡಿಸಿದ ಎಷ್ಟೋ ಕೆಂಪು ರೇಷ್ಮೆ, ಕೆಂಪು ಪರದೆ ಇದೇ ಹುಳದ್ದು, ಪಟಿಕ ಸೇರಿಸಿ ಎಣ್ಣೆಯಲ್ಲಿ ಅರೆದು ಮೇಲಿನ ತೆಳು ಪದರವಾಗಿ ಹಾಕ್ತಿದ್ರು. ಅಂದ್ರೆ ಅಕಾಡೆಮಿಗಳು ಯಾವುದನ್ನ ಮೇಲ್ಜಾತಿ ಚಿತ್ರ ಅಂತ ತಲೆ ಮೇಲೆ ಕೂರಿಸ್ಕೊಂಡವೋ ಅದರ ಕೆಂಪು ಕೂಡ ವಾಹಾಕಾದ ರೈತರ ಕಳ್ಳಿ ತೋಟದಿಂದ ಹೋಗಿದ್ದು. ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ಟಿ 18ನೇ ಶತಮಾನದ ಕೊನೆಗೆ ಜೇಮ್ಸ್ ಆಂಡರ್ಸನ್ ಅನ್ನೋ ಡಾಕ್ಟರ್ ಮದರಾಸಿನಲ್ಲಿ ಇದಕ್ಕಾಗೇ ಕಳ್ಳಿ ತೋಟ ಮಾಡಿಸಿದ್ರು, ಮೆಕ್ಸಿಕೋದ ಆ ಒಳ್ಳೆ ಬಣ್ಣ ಕೊಡೋ ಹುಳ ಮಾತ್ರ ಇಲ್ಲಿ ನೆಲೆ ಊರಲಿಲ್ಲ.

ಎಣ್ಣೆ ವಿಷಯದಲ್ಲೂ ಹಾಗೇ. ಸ್ಪೇನಿನೋರು ಬರೋ ಮುಂಚೆನೇ ಮೆಕ್ಸಿಕೋದ ಕುಶಲಕರ್ಮಿಗಳಿಗೆ ಒಣಗೋ ಎಣ್ಣೆ ಗೊತ್ತಿತ್ತು, ಚಿಯಾ ಬೀಜದ ಎಣ್ಣೆ. ಸೋರೆ ಬುರುಡೆ, ಮರದ ತಟ್ಟೆ ಮೇಲೆ ಹೊಳಪಿನ ಬಣ್ಣ ಕೂರಿಸೋಕೆ ಅದನ್ನ ಬಳಸ್ತಿದ್ರು, ಒಲಿನಾಲಾ, ಉರುವಾಪಾನ್ ಊರುಗಳಲ್ಲಿ ಆ ಕಸುಬು ಈಗಲೂ ಇದೆ. ಅದೇ ಚಿಯಾ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ನಮ್ಮ ಮೈಸೂರು, ಚಾಮರಾಜನಗರ ಕಡೆ ರೈತರು ಈಗ ಬೆಳೀತಿರೋದು.

ಈ ಇಡೀ ಪರಂಪರೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರ ಅನ್ಸೋರು ಎರ್ಮೆನೆಹಿಲ್ದೊ ಬುಸ್ತೋಸ್. 1832ರಲ್ಲಿ ಗ್ವಾನಾಹ್ವಾತೊ ರಾಜ್ಯದ ಪುರೀಸಿಮಾ ದೆಲ್ ರಿಂಕೋನ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿ 1907ರಲ್ಲಿ ಅಲ್ಲೇ ಹೋದೋರು. ಮೂಲನಿವಾಸಿ ಮನೆತನ, ಅದನ್ನ ಹೆಮ್ಮೆಯಿಂದ ಹೇಳ್ಕೊಳ್ತಿದ್ರು. ಹೊಟ್ಟೆಪಾಡಿಗೆ ಐಸ್ ಮಾರಿದ್ರು, ತಗಡಿನ ಕೆಲಸ, ಮರಗೆಲಸ ಮಾಡಿದ್ರು, ಜೊತೆಗೆ ಊರವರ ಮುಖ ಬಿಡಿಸಿಕೊಡ್ತಿದ್ರು, ಹೆಚ್ಚಿನವು ಅಂಗೈಯಗಲ ತಗಡಿನ ಮೇಲೆ. ಎಷ್ಟೋ ಚಿತ್ರಕ್ಕೆ ಸಹಿ ಹಾಕುವಾಗ ಹವ್ಯಾಸಿ ಅಂತಲೇ ಬರ್ಕೊಂಡಿದಾರೆ. ಆ ಮುಖಗಳನ್ನ ಒಂದ್ಸಲ ನೋಡಿದ್ರೆ ಮರೆಯಲ್ಲ, ಒಂದು ಸುಕ್ಕೂ ಮುಚ್ಚಿಲ್ಲ, ಒಂದು ಸುಕ್ಕೂ ಜಾಸ್ತಿ ಮಾಡಿಲ್ಲ.

ಇವರು ಮಾಡಿದ ಎರಡು ಸ್ಟಿಲ್ ಲೈಫ್ ಪ್ರಸಿದ್ಧ, ಒಂದು 1874ರದ್ದು, ಇನ್ನೊಂದು 1877ರದ್ದು. ಎರಡನೇದ್ರಲ್ಲಿ ಅನಾನಸ್ ಇದೆ, ಮೊದಲನೇದ್ರಲ್ಲಿ ಹಣ್ಣುಗಳ ಜೊತೆ ಒಂದು ಕಪ್ಪೆ, ಒಂದು ಚೇಳು. ಯುರೋಪಿನ ಸ್ಟಿಲ್ ಲೈಫ್‌ಗೆ ಇರೋ ಯಾವ ಸಿಂಗಾರವೂ ಇದಕ್ಕಿಲ್ಲ, ಟೇಬಲ್ ಇಲ್ಲ, ಬೆಳ್ಳಿ ತಟ್ಟೆ ಇಲ್ಲ, ಒಂದ್ರ ಮೇಲೊಂದು ರಾಶಿ ಹಾಕಿ ಸಮೃದ್ಧಿ ತೋರ್ಸೋದಿಲ್ಲ. ಹಣ್ಣು ತರಕಾರಿಗಳು ಸಾಲು ಸಾಲಾಗಿ, ಒಂದಕ್ಕೊಂದು ತಾಕದ ಹಾಗೆ, ಸಂತೆಯಲ್ಲಿ ಗೋಣಿತಾಟು ಹಾಸಿ ಹರವಿಟ್ಟ ಹಾಗೆ ಇವೆ. ಒಂದು ಹಣ್ಣು ಇನ್ನೊಂದರ ಮರೆಗೆ ಹೋಗಿಲ್ಲ, ಕೆಲವನ್ನ ಕೊಯ್ದು ತಿರುಳು ಬೀಜ ಕಾಣೋ ಹಾಗೆ ಇಟ್ಟಿದಾರೆ. ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಗಮನ. ಊರಿನ ಮನುಷ್ಯರ ಮುಖ ಬಿಡಿಸಿದ ರೀತಿಯಲ್ಲೇ ಊರಿನ ಹಣ್ಣನ್ನೂ ಬಿಡಿಸಿದಾರೆ.

ಹೀಗೆ ಸಾಲಾಗಿ ಇಡೋದಕ್ಕೆ ಆ ನೆಲದಲ್ಲಿ ಬಹಳ ಹಳೇ ಬೇರು ಇದೆ. ಸ್ಪೇನಿನೋರು ಬಂದ ಹೊಸದ್ರಲ್ಲಿ, 1540ರ ದಶಕದ ಶುರುವಿನಲ್ಲಿ ಮೂಲನಿವಾಸಿ ಚಿತ್ರಕಾರರು ಮಾಡಿಕೊಟ್ಟ ಒಂದು ಹಸ್ತಪ್ರತಿ ಈಗ ಆಕ್ಸ್‌ಫರ್ಡಿನಲ್ಲಿದೆ, ಅದರಲ್ಲಿ ಸ್ಪೇನಿನೋರಿಗಿಂತ ಮುಂಚೆ ಆಳ್ತಿದ್ದ ಅಜ್ಟೆಕ್ ದೊರೆಗೆ ಯಾವ ಊರು ಎಷ್ಟು ಮೆಕ್ಕೆಜೋಳ, ಮೆಣಸಿನಕಾಯಿ, ಕೋಕೋ ಕಂದಾಯ ಕೊಡ್ಬೇಕು ಅನ್ನೋದನ್ನ ಖಾಲಿ ಹಾಳೆ ಮೇಲೆ ಸಾಲಾಗಿ ಬರೆದ ಚಿತ್ರಗಳಲ್ಲೇ ಹೇಳಿದಾರೆ. 1577ರಷ್ಟಕ್ಕೆ ಮುಗಿದ ಸಾಹಗೂನ್ ಪಾದ್ರಿಯ ಹನ್ನೆರಡು ಭಾಗದ ಹಸ್ತಪ್ರತಿ ಫ್ಲಾರೆನ್ಸಿನಲ್ಲಿದೆ, ಅದರಲ್ಲಿ ಮಾರ್ಕೆಟ್ಟಿನ ಮೆಣಸಿನಕಾಯಿ ಮಾರೋರು, ತಮಾಲೆ ಅನ್ನೋ ಮೆಕ್ಕೆಜೋಳದ ತಿಂಡಿ ಮಾರೋರು ಎಲ್ಲರ ವಿವರ ಇದೆ. ಬುಸ್ತೋಸ್ ಇವನ್ನ ನೋಡಿದ್ರು ಅಂತ ನಾನು ಹೇಳ್ತಿಲ್ಲ. ಒಂದೊಂದು ವಸ್ತುವಿಗೂ ಅದರದ್ದೇ ಜಾಗ ಕೊಡೋ ಕಣ್ಣು ಎರಡೂ ಕಡೆ ಇದೆ ಅಷ್ಟೇ. ಇನ್ನು ಆ ಚೇಳು ಕಪ್ಪೆಗೆ ಗೂಢಾರ್ಥ ಹುಡುಕೋರು ಹುಡುಕಲಿ, ನನಗೆ ಅನ್ಸೋದು, ಹೊಲಕ್ಕೆ ಹೋಗಿ ಹಣ್ಣು ಕಿತ್ತು ಅಭ್ಯಾಸ ಇರೋರಿಗೆ ಚೇಳೂ ಕಪ್ಪೆಯೂ ಆ ಹಣ್ಣಿನ ಜೊತೆಗಿರೋವೇ, ಅವನ್ನ ಬಿಟ್ಟು ಬಿಡಿಸಿದ್ರೆ ಅದು ಪ್ಯಾಟೆಯೋರ ಹಣ್ಣಾಗ್ತಿತ್ತು.

ಮೆಕ್ಕೆಜೋಳದ ಬಗ್ಗೆ ಹೇಳದೆ ಈ ಚಿತ್ರಗಳು ಅರ್ಥ ಆಗಲ್ಲ. ಸುಮಾರು 9,000 ವರ್ಷದ ಹಿಂದೆ ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿ ಕಣಿವೆಯಲ್ಲಿ ತೆಯೋಸಿಂತೆ ಅನ್ನೋ ಕಾಡುಹುಲ್ಲನ್ನ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬಿತ್ತಿ ಜನ ಮಾಡ್ಕೊಂಡ ಬೆಳೆ ಇದು, ಇಲ್ಲಿ ಜೋಳ ಅಂದಲ್ಲೆಲ್ಲಾ ಇದೇ. ಒಬ್ಬಂಟಿಯಾಗಿ ಬೆಳೆಯಲ್ಲ, ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬತ್ತೆ, ಬೀನ್ಸ್ ಬೇರು ಮಣ್ಣಿಗೆ ಸಾರಜನಕ ಕೊಡತ್ತೆ, ಕೆಳಗೆ ಕುಂಬಳದ ಎಲೆ ನೆಲ ಮುಚ್ಚಿ ತೇವ ಕಾಯತ್ತೆ, ಕಳೆ ತಡೆಯತ್ತೆ. ಮಿಲ್ಪಾ ಅಂತಾರೆ ಈ ಪದ್ಧತಿಗೆ. ಚಿತ್ರದಲ್ಲಿ ಜೋಳ, ಬೀನ್ಸ್, ಕುಂಬಳ ಒಟ್ಟಿಗೆ ಕಂಡ್ರೆ ಬಣ್ಣ ಹೊಂದತ್ತೆ ಅಂತ ಮಾತ್ರ ಇಟ್ಟಿರಲ್ಲ, ಹೊಲದಲ್ಲೂ ಅವು ಹಾಗೇ ಇರ್ತವೆ, ತಟ್ಟೆಯಲ್ಲೂ ಹಾಗೇ, ಜೋಳದಲ್ಲಿ ಕೊರತೆ ಇರೋ ಪ್ರೋಟೀನ್ ಅಂಶನ ಬೀನ್ಸ್ ತುಂಬಿಸಿಕೊಡತ್ತೆ.

ಮಣ್ಣಿನ ಮಡಕೆ, ಮೂರು ಕಾಲಿನ ಅರೆಯೋ ಕಲ್ಲು ಚಿತ್ರದಲ್ಲಿದ್ರೆ ಅದಕ್ಕೂ ಕಾರಣ ಇದೆ. ಜೋಳನ ಸುಣ್ಣ ಹಾಕಿದ ನೀರಲ್ಲಿ ಬೇಯಿಸಿ ರಾತ್ರಿಯೆಲ್ಲಾ ನೆನೆಯೋಕೆ ಬಿಟ್ಟು, ಬೆಳಗ್ಗೆ ತೊಳೆದು ಸಿಪ್ಪೆ ತೆಗೆದು, ಮಂಡಿ ಊರಿ ಕೂತು ಕಲ್ಲ ಮೇಲೆ ಅರೆದು, ಆ ಹಿಟ್ಟಿಂದ ರೊಟ್ಟಿ ತಟ್ಟಬೇಕು. ಆ ಸುಣ್ಣ ಇಲ್ಲದಿದ್ರೆ ಜೋಳದಲ್ಲಿರೋ ನಯಾಸಿನ್ ಅನ್ನೋ ವಿಟಮಿನ್ ನಮ್ಮ ಮೈಗೆ ಹತ್ತಲ್ಲ. ಯುರೋಪಿನೋರು ಜೋಳನ ತಗೊಂಡು ಹೋದ್ರು, ಈ ವಿದ್ಯೆ ತಗೊಂಡು ಹೋಗಲಿಲ್ಲ, ಹಾಗಾಗಿ ಜೋಳವೇ ಗತಿ ಅಂತಿದ್ದ ಇಟಲಿ, ಸ್ಪೇನಿನ ಬಡವರಿಗೆ ಪೆಲಾಗ್ರಾ ರೋಗ ಬಂತು, ಚರ್ಮ ಬಿರುಕು ಬಿಡೋದು, ಭೇದಿ, ಬುದ್ಧಿ ಕೆಡೋದು. ಇಷ್ಟು ದೊಡ್ಡ ಜ್ಞಾನ ಅಡುಗೆಮನೆ ಹೆಂಗಸರ ಕೈಯಲ್ಲಿತ್ತು. ಆದ್ರೂ 1899ರಲ್ಲಿ ಫ್ರಾನ್ಸಿಸ್ಕೊ ಬುಲ್ನೆಸ್ ಅನ್ನೋ ಮೆಕ್ಸಿಕೋದವರೇ ಆದ ರಾಜಕಾರಣಿ ಮನುಷ್ಯರನ್ನ ಗೋಧಿ ತಿನ್ನೋರು, ಅಕ್ಕಿ ತಿನ್ನೋರು, ಜೋಳ ತಿನ್ನೋರು ಅಂತ ಭಾಗ ಮಾಡಿ, ಗೋಧಿಯೋರು ಮುಂದುವರಿದೋರು, ಜೋಳದೋರು ಹಿಂದುಳಿದೋರು ಅಂತ ಬರೆದ್ರು, ಓದಿದ ಮೇಲ್ವರ್ಗದಲ್ಲಿ ಅದನ್ನ ನಂಬೋರೂ ಇದ್ರು. ಅಂಥ ಕಾಲದಲ್ಲಿ ಊಟದ ಮನೆ ಗೋಡೆ ಮೇಲೆ ಜೋಳ ಮೆಣಸಿನಕಾಯಿಗೆ ಎಣ್ಣೆಬಣ್ಣದ ಮರ್ಯಾದೆ ಕೊಡೋದು ಸಣ್ಣ ಮಾತಾಗಿರಲಿಲ್ಲ.

1910ರಲ್ಲಿ ಶುರುವಾದ ಕ್ರಾಂತಿ ಆದ್ಮೇಲೆ ಗಾಳಿ ಬದಲಾಯ್ತು. ದಿಯೇಗೊ ರಿವೇರಾ ಥರದೋರು ಸರ್ಕಾರಿ ಗೋಡೆಗಳ ಮೇಲೆ ರೈತರನ್ನ, ಮಾರ್ಕೆಟ್ಟನ್ನ ದೊಡ್ಡದಾಗಿ ಬಿಡಿಸಿದ್ರು. ಗೋಡೆ ಸಿಕ್ಕಿದ್ದು ಬಹುತೇಕ ಗಂಡಸರಿಗೆ. ಮರಿಯಾ ಇಸ್ಕಿಯೇರ್ದೊ ಅವರಿಗೆ 1945ರಲ್ಲಿ ರಾಜಧಾನಿಯ ಸರ್ಕಾರಿ ಕಟ್ಟಡದಲ್ಲಿ ಮ್ಯೂರಲ್, ಅಂದ್ರೆ ಗೋಡೆ ಚಿತ್ರ, ಮಾಡೋ ಕೆಲಸ ಬಂದಿತ್ತು, ಅನುಭವ ಸಾಲದು ಅಂತ ರಿವೇರಾ ಮತ್ತೆ ಇನ್ನೊಬ್ಬ ಹೆಸರಾಂತ ಮ್ಯೂರಲ್ ಪೇಂಟರ್ ಸಿಕೇರೋಸ್ ಅಡ್ಡ ಹೇಳಿ ಅದು ಕೈತಪ್ಪಿತು. ಆಕೆ ಕ್ಯಾನ್ವಾಸಿನಲ್ಲಿ ಮಾಡಿದ ಕಪಾಟುಗಳು, ಹಬ್ಬದ ಪೀಠಗಳು, ಬಯಲಲ್ಲಿ ಹರಡಿದ ಹಣ್ಣು ಮೀನುಗಳ ಚಿತ್ರ ನೋಡಿದ್ರೆ ಯಾವ ಮ್ಯೂರಲ್ಲಿಗೂ ಕಡಿಮೆ ಇಲ್ಲ. ನನ್ನ ಪ್ರಕಾರ ಇದು ಆಕಸ್ಮಿಕ ಅಲ್ಲ. ರಾಜಧಾನಿಯಿಂದ ದೂರ ಉಳಿದ ಆರ್ರಿಯೇತಾ, ಗುರುವಿಲ್ಲದೆ ಕಲಿತ ಬುಸ್ತೋಸ್, ಗೋಡೆ ಸಿಗದ ಹೆಂಗಸರು, ಊಟದ ಚಿತ್ರನ ಎತ್ತಿ ಹಿಡಿದೋರು ಹೆಚ್ಚಾಗಿ ದೊಡ್ಡ ಚಿತ್ರಕಲೆಯ ಬಾಗಿಲಾಚೆ ನಿಂತೋರು, ಅವರು ಬಿಡಿಸಿದ ಊಟವೂ ಬಾಗಿಲಾಚೆ ನಿಲ್ಲಿಸಿದ ಜನರದ್ದೇ.

ಪೇಂಟರ್ ಫ್ರೀಡಾ ಕಾಲೋ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಉದ್ದ ಎಳೆಯಲ್ಲ. 1938ರಲ್ಲಿ ಭೂಮಿಯ ಫಲ ಅನ್ನೋ ಅರ್ಥದ ಹೆಸರಿಟ್ಟು ಒಂದು ಚಿತ್ರ ಮಾಡಿದ್ರು, ಮರದ ಟೇಬಲ್ ಮೇಲೆ ಜೋಳದ ತೆನೆ, ಪಾಪಸುಕಳ್ಳಿ ಹಣ್ಣು, ಹಿಂದೆ ಮೋಡ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಆಕೆ ಹೆಚ್ಚಾಗಿ ಬಿಡಿಸಿದ್ದು ಹಣ್ಣುಗಳನ್ನೇ, ಕೊಯ್ದ ಹಣ್ಣು ಗಾಯದ ಹಾಗೂ ಕಾಣತ್ತೆ, ಬೀಜದಿಂದ ತುಂಬಿದ ಬಸಿರಿನ ಹಾಗೂ ಕಾಣತ್ತೆ. ಕಲ್ಲಂಗಡಿ ಹೋಳಿನ ಮೇಲೆ ಬದುಕಿಗೆ ಜೈ ಅಂತ ಬರೆದು 1954 ಅಂತ ಇಸವಿ ಹಾಕಿದ್ರು, ಅದೇ ಜುಲೈಯಲ್ಲಿ ತೀರಿಕೊಂಡ್ರು. ರೂಫೀನೊ ತಮಾಯೊ, ವಾಹಾಕಾದಲ್ಲಿ ಹುಟ್ಟಿ ಅಮ್ಮನ್ನ ಕಳ್ಕೊಂಡು ಮೆಕ್ಸಿಕೋ ಸಿಟಿಯ ಮಾರ್ಕೆಟ್ಟಿನಲ್ಲಿ ಹಣ್ಣು ಮಾರ್ತಿದ್ದ ಚಿಕ್ಕಮ್ಮನ ಹತ್ರ ಬೆಳೆದೋರು, ಬದುಕಿಡೀ ಕಲ್ಲಂಗಡಿ ಬಿಡಿಸಿದ್ರು.

ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ಓಲ್ಗಾ ಕೋಸ್ತಾ ಅವರ 1951ರ ಹಣ್ಣು ಮಾರೋ ಹೆಂಗಸು. ಆಕೆ 1913ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1925ರಲ್ಲಿ ಅಪ್ಪ ಅಮ್ಮನ ಜೊತೆ ಮೆಕ್ಸಿಕೋಗೆ ಬಂದೋರು. ಚಿತ್ರ ಸುಮಾರು 2 ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲ, ಮೆಕ್ಸಿಕೋ ಸಿಟಿಯ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿದೆ. ಪೂರ್ತಿ ಹಣ್ಣು, ಕಬ್ಬು, ಬಾಳೆ, ಕಲ್ಲಂಗಡಿ, ಪಪ್ಪಾಯ, ನಡುವೆ ಮಾರೋ ಹೆಂಗಸು. ಆ ಅಳತೆಯ ಕ್ಯಾನ್ವಾಸಿನಲ್ಲಿ ಹಿಂದೆ ಯುದ್ಧ ಗೆದ್ದ ದೊರೆಗಳನ್ನ ಬಿಡಿಸ್ತಿದ್ರು, ಕೋಸ್ತಾ ಆ ಜಾಗನ ಬೀದಿಬದಿ ವ್ಯಾಪಾರದ ಹೆಣ್ಣುಮಗಳಿಗೆ ಕೊಟ್ರು. ಕನ್ನಡದೋರಿಗೆ ಆ ಅಂಗಡಿಯ ಮುಂದೆ ನಿಂತ್ರೆ ಪರದೇಶ ಅನ್ಸಲ್ಲ, ಯಾಕಂದ್ರೆ ನಮ್ಮ ತಳ್ಳುಗಾಡಿಯ ಪಪ್ಪಾಯ, ಸಪೋಟ, ಸೀಬೆ, ಸೀತಾಫಲ, ಸಂತೆಯ ಸೀಮೆಬದನೆ, ಹುರಳಿಕಾಯಿ, ಸಾರಿಗೆ ಹಾಕೋ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು, ಹಬ್ಬಕ್ಕೆ ತರೋ ಚೆಂಡುಹೂವು ಕೂಡ, ಎಲ್ಲಾ ಅಮೆರಿಕ ಖಂಡದ ಆ ಭಾಗದಿಂದಲೇ ಹೊರಟು ಬಂದವು.

ಇಂಥ ಚಿತ್ರ ಎದುರಿಗೆ ಬಂದಾಗ ನಾನು ಮೊದಲು ಕಾಲ ಯಾವುದು ಅಂತ ನೋಡ್ತೀನಿ. ಪ್ವೆಬ್ಲಾ ಕಡೆಯ ಚಿತ್ರದಲ್ಲಿ ಹಸಿರು ದಪ್ಪ ಮೆಣಸಿನಕಾಯಿ, ಅಕ್ರೋಟು, ದಾಳಿಂಬೆ ಒಟ್ಟಿಗಿದ್ರೆ ಅದು ಆಗಸ್ಟ್ ಸೆಪ್ಟೆಂಬರ್, ಆ ಮೂರನ್ನೂ ಸೇರಿಸಿ ಮೆಣಸಿನಕಾಯಿಗೆ ಹೂರಣ ತುಂಬಿ, ಮೇಲೆ ಬಿಳಿ ಅಕ್ರೋಟಿನ ಸಾಸ್ ಸುರಿದು, ಕೆಂಪು ದಾಳಿಂಬೆ ಕಾಳು ಉದುರಿಸೋ ಅಡುಗೆ ಇದೆ, ಅವರ ಬಾವುಟದ ಮೂರು ಬಣ್ಣ ತಟ್ಟೆಯಲ್ಲೇ ಬರತ್ತೆ, ಸ್ವಾತಂತ್ರ್ಯದ ಹಬ್ಬವೂ ಸೆಪ್ಟೆಂಬರಿನಲ್ಲೇ. ಆಮೇಲೆ ಮೆಣಸಿನಕಾಯಿ ಹಸಿದೋ ಒಣಗಿದ್ದೋ ನೋಡಿ, ಅಲ್ಲಿ ಎರಡೂ ಬೇರೆ ಬೇರೆ ಪದಾರ್ಥ, ಪೊಬ್ಲಾನೊ ಒಣಗಿದ್ರೆ ಆಂಚೊ, ಹಲಪೇನ್ಯೊ ಹೊಗೆಗಿಟ್ಟು ಒಣಗಿಸಿದ್ರೆ ಚಿಪೋಟ್ಲೆ, ರುಚಿನೂ ಬೇರೆ, ಬೀಳೋ ಅಡುಗೆನೂ ಬೇರೆ. ಪೇಂಟರ್ ಅಡುಗೆಮನೆ ಬಲ್ಲೋರಾದ್ರೆ ಈ ವ್ಯತ್ಯಾಸ ತಪ್ಪಲ್ಲ, ಆಂಚೊದ ಸುಕ್ಕಿನ ಮೇಲಿನ ಮಂದ ಹೊಳಪು, ಹತ್ತತ್ರ ಕಪ್ಪು ಅನ್ಸೋ ಕೆಂಪು, ಅದನ್ನ ಬರೀ ಕೆಂಪು ಬಳಿದು ಬಿಟ್ಟಿದ್ರೆ ಅವರು ಅಂಗಡಿಯಿಂದ ತಂದು ಇಟ್ಟುಕೊಂಡು ಬಿಡಿಸಿದಾರೆ, ಬಿಸಿ ನೀರಲ್ಲಿ ನೆನೆಸಿ ಅರೆದೋರಲ್ಲ ಅಂತ ಗೊತ್ತಾಗತ್ತೆ.

ಜಗಳ ಇನ್ನೂ ಮುಗಿದಿಲ್ಲ. 2002ರಲ್ಲಿ ವಾಹಾಕಾ ಊರಿನ ಹಳೇ ಚೌಕದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಅಂಗಡಿ ಬರತ್ತೆ ಅಂತ ಆದಾಗ ಎದ್ದು ನಿಂತೋರು ಫ್ರಾನ್ಸಿಸ್ಕೊ ತೊಲೇದೊ, ಸಪೋಟೆಕ್ ಅನ್ನೋ ಮೂಲನಿವಾಸಿ ಜನಾಂಗದ ದೊಡ್ಡ ಪೇಂಟರ್. ಚೌಕದಲ್ಲಿ ಜನರಿಗೆ ತಮಾಲೆ ಹಂಚಿ ಪ್ರತಿಭಟನೆ ಮಾಡಿದ್ರು, ಜೋಳದ ಹಿಟ್ಟನ್ನ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ಜಾತಿದು. ಅಂಗಡಿಗೆ ಪರ್ಮಿಷನ್ ಸಿಗಲಿಲ್ಲ. ಆಮೇಲೆ ಕುಲಾಂತರಿ ಜೋಳದ ವಿರುದ್ಧವೂ ಅವರು ದನಿ ಎತ್ತಿದ್ರು, 2019ರಲ್ಲಿ ತೀರಿಕೊಂಡ್ರು. 2010ರಲ್ಲಿ ಯುನೆಸ್ಕೊ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆನ ಪಾರಂಪರಿಕ ಪಟ್ಟಿಗೆ ಸೇರಿಸಿತು, 2025ರ ಮಾರ್ಚಿನಲ್ಲಿ ಮೆಕ್ಸಿಕೋ ತನ್ನ ಸಂವಿಧಾನವನ್ನೇ ತಿದ್ದಿ ಕುಲಾಂತರಿ ಜೋಳ ಬಿತ್ತೋದನ್ನ ನಿಷೇಧ ಮಾಡ್ತು, ಆ ದೇಶದ ಹೊಲಗಳಲ್ಲಿ ಸುಮಾರು 60 ನಾಟಿ ತಳಿ ಜೋಳ ಇವತ್ತಿಗೂ ಇವೆ, ಬಿಳಿ, ಹಳದಿ, ನೀಲಿ, ಕೆಂಪು, ಹತ್ತತ್ರ ಕಪ್ಪು. ಇವತ್ತಿನ ಮೆಕ್ಸಿಕೋದ ಪೇಂಟರ್ ಒಬ್ಬರು ನೀಲಿ ಜೋಳದ ತೆನೆ ಇಟ್ಟು ಕ್ಯಾನ್ವಾಸ್ ಮುಂದೆ ಕೂತ್ರೆ, ಆ ನೀಲಿ ಯಾವ ಊರಿನ ಹೊಲದ್ದು, ಅದರ ಬೀಜ ಯಾರು ಎತ್ತಿಟ್ಟಿದ್ರು ಅಂತ ಕೇಳೋ ಜನ ಅಲ್ಲಿದಾರೆ.